ಪ್ಯಾಶನ್‌ನಿಂದ ಬಾಡಿಗೆ ಕಟ್ಟಲಾಗದು

ಅನಿಮೆ ಕಲಾವಿದರ ಬಡತನದ ಮಾತು ಬಂದಾಗಲೆಲ್ಲ ನಮ್ಮ ಟೀಮಿನ ಹುಡುಗರದು ಒಂದೇ ಉತ್ತರ: "ಸರ್, ಅವರು ದುಡ್ಡಿಗಾಗಿ ಮಾಡೋರಲ್ಲ, ಪ್ಯಾಶನ್." ಹೇಳುವಾಗ ದನಿಯಲ್ಲಿ ಭಕ್ತಿ ಇರುತ್ತದೆ. ನನಗೆ ಸಿಟ್ಟಿರುವುದು ಈ ಭಕ್ತಿಯ ಮೇಲೆಯೇ.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಚಲನೆಯ ಮುಖ್ಯ ಭಂಗಿಗಳನ್ನು ಅನುಭವಿಗಳು ಬಿಡಿಸುತ್ತಾರೆ. ಅವುಗಳ ನಡುವಿನ ಚಿತ್ರಗಳನ್ನು ತುಂಬುವುದು ಹೊಸಬರ ಕೆಲಸ. ಜಪಾನಿನಲ್ಲಿ ಅದಕ್ಕೆ 'ದೋಗಾ' ಎನ್ನುತ್ತಾರೆ. ಇವರಲ್ಲಿ ಬಹಳಷ್ಟು ಜನ ನೌಕರರಲ್ಲ, ಚಿತ್ರಕ್ಕಿಷ್ಟು ಎಂದು ದುಡಿಯುವ ಫ್ರೀಲಾನ್ಸರ್‌ಗಳು. ಬಹುಕಾಲ ಆ ದರ ಸುಮಾರು 200 ಯೆನ್ ಇತ್ತು. 2013ರ ಕೊನೆಗೆ ಟೋಕಿಯೋದ ಕನಿಷ್ಠ ಕೂಲಿ ಗಂಟೆಗೆ 869 ಯೆನ್. ಅಂದರೆ ಅಂಗಡಿ ಕೌಂಟರಿನಲ್ಲಿ ನಿಂತವನ ಕೂಲಿ ಮುಟ್ಟಲು ಗಂಟೆಗೆ ನಾಲ್ಕಕ್ಕಿಂತ ಹೆಚ್ಚು ಚಿತ್ರ ಬೇಕು. ಕಷ್ಟದ ಒಂದು ಚಿತ್ರಕ್ಕೇ ಗಂಟೆ ಹಿಡಿಯಬಹುದು. ಆ ವರ್ಷದ ಆದಾಯವನ್ನು ಅನಿಮೇಟರ್‌ಗಳ ಸಂಘ ಜಾನಿಕಾ ಸಮೀಕ್ಷೆ ಮಾಡಿದಾಗ ದೋಗಾದವರ ಸರಾಸರಿ ವರ್ಷಕ್ಕೆ ಸುಮಾರು 11 ಲಕ್ಷ ಯೆನ್. ತಿಂಗಳಿಗೆ ಒಂದು ಲಕ್ಷವೂ ಇಲ್ಲ. ಟೋಕಿಯೋದಲ್ಲಿ ಕೋಣೆ ಬಾಡಿಗೆ ಕಟ್ಟಿದ ಮೇಲೆ ಉಳಿಯುವುದೆಷ್ಟು?

ಹಾಗಾದರೆ ಉದ್ಯಮದಲ್ಲಿ ಹಣವೇ ಇಲ್ಲವೇ? 2023ರಲ್ಲಿ ಅನಿಮೆ ಮಾರುಕಟ್ಟೆ 3.3 ಲಕ್ಷ ಕೋಟಿ ಯೆನ್ ದಾಟಿತು. ಅರ್ಧಕ್ಕಿಂತ ಹೆಚ್ಚು ಬಂದದ್ದು ಜಪಾನಿನ ಹೊರಗಿನಿಂದ. ಆದರೆ ಟಿವಿ ವಾಹಿನಿ, ಪ್ರಕಾಶಕರು, ಆಟಿಕೆ ಕಂಪನಿ, ಸಂಗೀತ ಕಂಪನಿಗಳು ಸೇರಿ 'ನಿರ್ಮಾಣ ಸಮಿತಿ' ಮಾಡಿಕೊಳ್ಳುತ್ತವೆ. ಬಂಡವಾಳವೂ ಅವರದು, ಹಕ್ಕೂ ಅವರದು. ಸ್ಟುಡಿಯೋಗೆ ಸಾಮಾನ್ಯವಾಗಿ ಸಿಗುವುದು ನಿಗದಿತ ಮೊತ್ತ. ಸಮಿತಿಯಲ್ಲಿ ಪಾಲಿಲ್ಲದಿದ್ದರೆ ಸರಣಿ ಲೋಕವನ್ನೇ ಗೆದ್ದರೂ ಲಾಭ ಅದರ ಕಡೆ ತಿರುಗುವುದಿಲ್ಲ. ಫಿಕ್ಸೆಡ್ ಬಿಡ್ ಪ್ರಾಜೆಕ್ಟ್ ನಡೆಸಿದವರಿಗೆ ಈ ಕಥೆ ಗೊತ್ತು. ತಿದ್ದುಪಡಿ ಹೆಚ್ಚಿದಷ್ಟೂ ನಷ್ಟ ಕೆಳಕ್ಕೆ ಜಾರುತ್ತದೆ. ಕೊನೆಗೆ ಅದನ್ನು ತುಂಬಿಸುವುದು ಅತಿ ಕಡಿಮೆ ಪಡೆಯುವವನ ನಿದ್ದೆ.

ಇದೆಲ್ಲ ಜಪಾನೀಯರ ಸಂಸ್ಕೃತಿ ಎನ್ನುವವರು ಕ್ಯೋಟೋ ಅನಿಮೇಶನ್ ನೋಡಲಿ. ಅದು ಕಲಾವಿದರಿಗೆ ತಿಂಗಳ ಸಂಬಳ ಕೊಟ್ಟಿತು, ತಾನೇ ತರಬೇತಿ ಕೊಟ್ಟಿತು, ತಾನೇ ಕಾದಂಬರಿಗಳನ್ನು ಪ್ರಕಟಿಸಿ ಅವುಗಳಿಂದ ಸರಣಿ ಮಾಡಿತು. 2019ರ ಜುಲೈನಲ್ಲಿ ಒಬ್ಬ ಹಚ್ಚಿದ ಬೆಂಕಿಯಲ್ಲಿ ಅಲ್ಲಿನ 36 ಜನರನ್ನು ಕಳೆದುಕೊಂಡ ಮೇಲೂ ಮತ್ತೆ ಎದ್ದು ನಿಂತಿತು. ಸಂಬಳ ಕೊಟ್ಟಿದ್ದಕ್ಕೆ ಅದರ ಚಿತ್ರಗಳು ಸಪ್ಪೆಯಾದವು ಎಂದು ಯಾವ ಅಭಿಮಾನಿಯೂ ಹೇಳಿದ್ದನ್ನು ನಾನು ಕೇಳಿಲ್ಲ.

2024ರ ನವೆಂಬರ್‌ನಿಂದ ಜಪಾನಿನಲ್ಲಿ ಫ್ರೀಲಾನ್ಸರ್‌ಗಳ ಕಾನೂನು ಜಾರಿಯಲ್ಲಿದೆ. ಷರತ್ತುಗಳು ಬರಹದಲ್ಲಿರಬೇಕು, ಕೆಲಸ ಒಪ್ಪಿಸಿದ 60 ದಿನದೊಳಗೆ ಹಣ ಕೊಡಬೇಕು. ಒಳ್ಳೆಯದೇ. ಆದರೆ 200 ಯೆನ್ ಸಮಯಕ್ಕೆ ಸರಿಯಾಗಿ ಬಂದರೂ 200 ಯೆನ್ನೇ. ದರ ಏರಬೇಕು, ಹಕ್ಕಿನಲ್ಲಿ ಪಾಲು ಬೇಕು. ಹಾಗೆ ಮಾಡಿದರೆ ಸರಣಿಗಳ ಸಂಖ್ಯೆ ಇಳಿಯುತ್ತದೆ ಎನ್ನುತ್ತಾರೆ. ಇಳಿಯಲಿ. ಈಗ ಬರುತ್ತಿರುವುದನ್ನೆಲ್ಲ ಯಾರು ನೋಡಿ ಮುಗಿಸಿದ್ದಾರೆ?

ಕೆಲಸದ ಸಾರ್ಥಕತೆಯನ್ನೇ ಕೂಲಿಯ ಬದಲು ಕೊಟ್ಟು ದುಡಿಸಿಕೊಳ್ಳುವುದಕ್ಕೆ ಜಪಾನಿನಲ್ಲಿ 'ಯಾರಿಗಾಯಿ ಸಾಕುಶು' ಎಂಬ ಹೆಸರೇ ಇದೆ. ಸಾಕುಶು ಎಂದರೆ ಶೋಷಣೆ. ನಮ್ಮಲ್ಲಿ ಅದಕ್ಕೆ ಹೆಸರಿಲ್ಲ, ಅಭ್ಯಾಸ ಇದೆ. ಅಪ್ರೈಸಲ್ ಮೀಟಿಂಗಿನಲ್ಲಿ "ಸ್ವಲ್ಪ ಪ್ಯಾಶನ್ ತೋರಿಸಿ" ಎಂದು ನಾನೂ ಹೇಳಿದ್ದೇನೆ. ನೆನೆಸಿಕೊಂಡರೆ, ಬಜೆಟ್‌ನಲ್ಲಿ ಹಣ ಇದ್ದಾಗ ಒಮ್ಮೆಯೂ ಆ ಪದ ನನ್ನ ಬಾಯಿಗೆ ಬಂದಿಲ್ಲ.