ಚಾರ್ಟಿನಲ್ಲಿ ಇಲ್ಲದ ರಾಷ್ಟ್ರಪತಿ

ಮೊಮ್ಮಗಳಿಗೆ ಶಾಲೆಯಲ್ಲಿ ಅಮೆರಿಕದ ಅಧ್ಯಕ್ಷರ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದರು. ಹಂಪನಕಟ್ಟೆಗೆ ಹೋದವನು ಅಧ್ಯಕ್ಷರ ಚಿತ್ರಗಳಿರುವ ಚಾರ್ಟ್ ಒಂದನ್ನು ತಂದೆ. ಅಂಗಡಿಯವರು, "ಇದೂ ಇರಲಿ ಮಾಷ್ಟ್ರೇ, ಮಕ್ಕಳಿಗೆ ಬೇಕಾಗ್ತದೆ" ಎಂದು ನಮ್ಮ ರಾಷ್ಟ್ರಪತಿಗಳ ಚಾರ್ಟನ್ನೂ ಸುರುಳಿ ಸುತ್ತಿ ಕೊಟ್ಟರು. ಎರಡನ್ನೂ ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಪುಸ್ತಕ ಇಟ್ಟು ಅವಳು ಬಗ್ಗಿ ನೋಡುತ್ತಿದ್ದಳು.

ಅಮೆರಿಕದ ಚಾರ್ಟಿನಲ್ಲಿ ಜಾನ್ ಕೆನಡಿ ಅವರ ಕೆಳಗೆ 1963ರ ನವೆಂಬರ್ 22 ಎಂದಿತ್ತು. ಪಕ್ಕದ ಲಿಂಡನ್ ಜಾನ್ಸನ್ ಶುರುವಾಗುವುದೂ ಅದೇ ನವೆಂಬರ್ 22ರಿಂದ. ಕೆನಡಿ ಗುಂಡೇಟಿಗೆ ಬಲಿಯಾದ ಎರಡೇ ಗಂಟೆಯಲ್ಲಿ ಉಪಾಧ್ಯಕ್ಷ ಜಾನ್ಸನ್ ವಿಮಾನದೊಳಗೇ ನಿಂತು ಪ್ರಮಾಣವಚನ ತೆಗೆದುಕೊಂಡ ಕಥೆ ಹೇಳಿದೆ. ಅವಳು ನಮ್ಮ ಚಾರ್ಟಿನತ್ತ ತಿರುಗಿ ಬೆರಳಿಟ್ಟು ಲೆಕ್ಕ ಹಾಕಿದಳು.

"ಅಜ್ಜ, ಇದ್ರಲ್ಲಿ ತಪ್ಪುಂಟು. ಫಕ್ರುದ್ದೀನ್ ಅಲಿ ಅಹ್ಮದ್ ಮುಗಿದದ್ದು 1977 ಫೆಬ್ರವರಿ 11ಕ್ಕೆ. ನೀಲಂ ಸಂಜೀವ ರೆಡ್ಡಿ ಬಂದದ್ದು ಜುಲೈ 25ಕ್ಕೆ. ನಡುವೆ ಐದೂವರೆ ತಿಂಗಳು ಕುರ್ಚಿ ಖಾಲಿ ಇತ್ತಾ?"

ಖಾಲಿ ಇರಲಿಲ್ಲ, ಮಗಳೇ. ಅಲ್ಲಿ ನಮ್ಮವರೊಬ್ಬರು ಕೂತಿದ್ದರು.

ಮಕ್ಕಳೇ, ಅವರ ಹೆಸರು ಬಸಪ್ಪ ದಾನಪ್ಪ ಜತ್ತಿ. ಬಿ.ಡಿ. ಜತ್ತಿ ಎಂದರೆ ನಿಮ್ಮ ಅಜ್ಜ ಅಜ್ಜಿಗೆ ತಟ್ಟನೆ ನೆನಪಾದೀತು. ರಾಷ್ಟ್ರಪತಿ ಭವನದಿಂದ ಆಡಳಿತ ನೋಡಿಕೊಂಡ ಕನ್ನಡಿಗ ಈವರೆಗೆ ಅವರೊಬ್ಬರೇ. ಆದರೆ ಅವರು 'ಹಂಗಾಮಿ' ರಾಷ್ಟ್ರಪತಿ. ನಮ್ಮ ಸಂವಿಧಾನದ ಪ್ರಕಾರ ರಾಷ್ಟ್ರಪತಿ ತೀರಿಕೊಂಡರೆ ಉಪರಾಷ್ಟ್ರಪತಿ ಆ ಕೆಲಸ ನೋಡಿಕೊಳ್ಳಬೇಕು, ಆರು ತಿಂಗಳೊಳಗೆ ಹೊಸಬರನ್ನು ಆರಿಸಬೇಕು. ಅಮೆರಿಕದಲ್ಲಾದರೆ ಉಪಾಧ್ಯಕ್ಷರು ಉಳಿದ ಅವಧಿಗೆಲ್ಲ ಪೂರಾ ಅಧ್ಯಕ್ಷರೇ ಆಗಿಬಿಡುತ್ತಾರೆ. ಅಲ್ಲಿಯೂ ಮೊದಲು ಇದು ಸ್ಪಷ್ಟ ಇರಲಿಲ್ಲ. 1841ರಲ್ಲಿ ಹ್ಯಾರಿಸನ್ ಎಂಬ ಅಧ್ಯಕ್ಷರು ಅಧಿಕಾರಕ್ಕೆ ಬಂದ ಒಂದೇ ತಿಂಗಳಿಗೆ ತೀರಿಕೊಂಡಾಗ ಉಪಾಧ್ಯಕ್ಷ ಜಾನ್ ಟೈಲರ್, 'ನಾನು ಹಂಗಾಮಿ ಅಲ್ಲ' ಎಂದು ಹಟ ಹಿಡಿದರು. ಹಂಗಾಮಿ ಅಧ್ಯಕ್ಷರಿಗೆ ಎಂದು ವಿಳಾಸ ಬರೆದ ಪತ್ರಗಳನ್ನು ಒಡೆಯದೆಯೇ ವಾಪಸು ಕಳಿಸುತ್ತಿದ್ದರಂತೆ! ಆ ಹಟ ಅಲ್ಲಿನ ಸಂವಿಧಾನದಲ್ಲಿ ನಿಯಮವಾಗಿ ಸೇರಿದ್ದು 1967ರಲ್ಲಿ.

ಜತ್ತಿಯವರದು ಹಟದ ಜಾಯಮಾನ ಅಲ್ಲ. ಅವರು ಹುಟ್ಟಿದ್ದು ಜಮಖಂಡಿ ಹತ್ತಿರದ ಸಾವಳಗಿಯಲ್ಲಿ, 1912ರಲ್ಲಿ. ಈಗ ಅದು ಬಾಗಲಕೋಟೆ ಜಿಲ್ಲೆ, ಆಗ ಪಟವರ್ಧನ್ ಮನೆತನದ ಪುಟ್ಟ ಸಂಸ್ಥಾನ. ಕೊಲ್ಹಾಪುರದಲ್ಲಿ ಕಾನೂನು ಓದಿ ಬಂದು ವಕೀಲಿ ಶುರು ಮಾಡಿದರು. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯ, ಆಮೇಲೆ ಅದರ ಅಧ್ಯಕ್ಷ, ಆಮೇಲೆ ಸಂಸ್ಥಾನದ ಮಂತ್ರಿ, ಕೊನೆಗೆ ದಿವಾನ. 1948ರ ಮಾರ್ಚ್ 8ರಂದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಆ ಕಾಗದಕ್ಕೆ ರಾಜರ ಜೊತೆಗೆ ಜತ್ತಿಯವರೂ ಸಹಿ ಹಾಕಿದರು. ಸಹಿ ಹಾಕಿದ ಮೇಲೆ ಸಂಸ್ಥಾನವೂ ಇಲ್ಲ, ದಿವಾನಗಿರಿಯೂ ಇಲ್ಲ. ಅವರು ಮತ್ತೆ ಕರಿಕೋಟು ಹಾಕಿಕೊಂಡು ವಕೀಲಿಗೆ ಹೋದರು. ನನಗೆ ಅವರ ಇಡೀ ಜೀವನದಲ್ಲಿ ಬಹಳ ಇಷ್ಟವಾದ ಸಂಗತಿ ಇದು.

ನಮ್ಮ ಕರಾವಳಿಗೂ ಅವರಿಗೂ ಒಂದು ನಂಟುಂಟು. 1956ರ ನವೆಂಬರ್ 1ರವರೆಗೆ ಮಂಗಳೂರು ಮದ್ರಾಸಿಗೆ ಸೇರಿತ್ತು, ಅವರ ಜಮಖಂಡಿ ಮುಂಬಯಿಗೆ. ಎಲ್ಲವೂ ಒಂದೇ ರಾಜ್ಯವಾದಾಗ ಒಂದೊಂದು ಕಡೆ ಒಂದೊಂದು ಗೇಣಿ ಕಾನೂನು. ಅದನ್ನೆಲ್ಲ ಒಂದು ಮಾಡಲು ಸರ್ಕಾರ ಮಾಡಿದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. 1958ರ ಮೇ ತಿಂಗಳಲ್ಲಿ ಅವರು ಮುಖ್ಯಮಂತ್ರಿಯಾದರು, 1962ರ ಮಾರ್ಚ್‌ವರೆಗೆ ಇದ್ದರು. ಸುರತ್ಕಲ್‌ನಲ್ಲಿ ಕೆ.ಆರ್.ಇ.ಸಿ., ಅಂದರೆ ಈಗಿನ ಎನ್.ಐ.ಟಿ.ಕೆ., 1960ರಲ್ಲಿ ಶುರುವಾಗುವಾಗ ಮುಖ್ಯಮಂತ್ರಿ ಅವರೇ. ಆ ಸಮಿತಿಯ ವರದಿಯಿಂದ ಹುಟ್ಟಿದ್ದು 1961ರ ಭೂಸುಧಾರಣಾ ಕಾನೂನು.

ಗೇಣಿ ಎಂದರೆ ಏನು ಎಂದು ಮೊಮ್ಮಗಳು ಕೇಳಿದಳು. ಮನೆಯಲ್ಲಿ ದೊಡ್ಡವರಿದ್ದರೆ ನೀವೂ ಕೇಳಿ. ಗದ್ದೆ ಯಜಮಾನರದ್ದು, ಬೇಸಾಯ ನಮ್ಮದು, ಕೊಯ್ಲು ಆದ ಮೇಲೆ ಇಂತಿಷ್ಟು ಮುಡಿ ಅಕ್ಕಿ ಅವರ ಮನೆಗೆ ಹೊತ್ತು ಹಾಕಬೇಕು. ಮೂಲಗೇಣಿಯಾದರೆ ತಲೆಮಾರಿನಿಂದ ತಲೆಮಾರಿಗೆ ಹೋಗುತ್ತದೆ. ಚಾಲಗೇಣಿಯಾದರೆ ಯಾವಾಗ ಬಿಡು ಎನ್ನುತ್ತಾರೋ ಎಂಬ ಹೆದರಿಕೆ. ನಮ್ಮ ಅಜ್ಜನದ್ದು ಚಾಲಗೇಣಿ. 1961ರ ಕಾನೂನು ಜಾರಿಗೆ ಬಂದದ್ದೇ 1965ರಲ್ಲಿ, ಅದರಲ್ಲಿ ಸಂದುಗೊಂದುಗಳೂ ಬಹಳ ಇದ್ದವು. ಗದ್ದೆ ನಿಜಕ್ಕೂ ಒಕ್ಕಲಿನ ಹೆಸರಿಗೆ ಬಂದದ್ದು ದೇವರಾಜ ಅರಸರು 1974ರಲ್ಲಿ ಅದೇ ಕಾನೂನನ್ನು ತಿದ್ದಿ ಬಿಗಿ ಮಾಡಿದ ಮೇಲೆ. 'ಡಿಕ್ಲರೇಶನ್ ಕೊಟ್ಟದ್ದು' ಎಂದು ನಮ್ಮಲ್ಲಿ ಈಗಲೂ ಹೇಳುತ್ತಾರಲ್ಲ, ಅದೇ. ಗದ್ದೆ ಪಡೆದವರ ಮನೆಯವರೂ ಕಳೆದುಕೊಂಡವರ ಮನೆಯವರೂ ಈ ಪುಟ ಓದುತ್ತಾರೆ ಎಂದು ಗೊತ್ತು. ಹಾಗಾಗಿ ಹೆಚ್ಚು ಹೇಳುವುದಿಲ್ಲ.

ಈಗ ಚಾರ್ಟಿನ ಖಾಲಿ ಜಾಗಕ್ಕೆ ಬರುತ್ತೇನೆ. ಜತ್ತಿಯವರು ಪಾಂಡಿಚೇರಿ, ಒರಿಸ್ಸಾಗಳಲ್ಲಿ ಆಡಳಿತ ನೋಡಿ 1974ರಲ್ಲಿ ಉಪರಾಷ್ಟ್ರಪತಿಯಾಗಿದ್ದರು. 1977ರ ಫೆಬ್ರವರಿ 11. ಮಂಗಳೂರು ಆಕಾಶವಾಣಿ ಶುರುವಾಗಿ ಅಂದಿಗೆ ಸರಿಯಾಗಿ ಎರಡು ತಿಂಗಳು. ಹೊಸ ನಿಲಯವೆಂದು ನಾವೆಲ್ಲ ಆಸೆಯಿಂದ ಕಿವಿಗೊಟ್ಟು ಕೂರುತ್ತಿದ್ದ ಕಾಲ. ಆ ದಿನ ರೇಡಿಯೋ ತಂದದ್ದು ರಾಷ್ಟ್ರಪತಿಗಳ ಸಾವಿನ ಸುದ್ದಿ. ದೇಶದಲ್ಲಿ ತುರ್ತು ಪರಿಸ್ಥಿತಿ ಇನ್ನೂ ಇತ್ತು. ಚುನಾವಣೆಗೆ ತಿಂಗಳಷ್ಟೇ ಬಾಕಿ.

ಮಾರ್ಚ್‌ನಲ್ಲಿ ಚುನಾವಣೆ ನಡೆಯಿತು. ಮಂಗಳೂರಿನಿಂದ ಜನಾರ್ದನ ಪೂಜಾರಿಯವರು ಮೊದಲ ಸಲ ಗೆದ್ದದ್ದು ಅದರಲ್ಲೇ. ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್ಸಿಗೆ. ಉತ್ತರ ಪ್ರದೇಶದ 85ರಲ್ಲಿ ಒಂದೂ ಇಲ್ಲ. ಇಂದಿರಾ ಗಾಂಧಿಯವರೇ ಸೋತರು. 1975ರ ಜೂನ್ 25ರ ರಾತ್ರಿ ಫಕ್ರುದ್ದೀನ್ ಅಲಿ ಅಹ್ಮದ್ ಅವರ ಸಹಿಯಿಂದ ಬಂದ ತುರ್ತು ಪರಿಸ್ಥಿತಿ, 1977ರ ಮಾರ್ಚ್ 21ರಂದು ಜತ್ತಿಯವರ ಸಹಿಯಿಂದ ಹೋಯಿತು. 24ರಂದು ಮೊರಾರ್ಜಿ ದೇಸಾಯಿಯವರಿಗೆ ಪ್ರಮಾಣವಚನ ಬೋಧಿಸಿದವರೂ ಜತ್ತಿಯವರೇ.

ಕಷ್ಟದ ಸಹಿ ಬಂದದ್ದು ಏಪ್ರಿಲ್ ಕೊನೆಗೆ. ಒಂಬತ್ತು ರಾಜ್ಯಗಳಲ್ಲಿ ಕಾಂಗ್ರೆಸ್ ಸರ್ಕಾರಗಳಿದ್ದವು. ಅಲ್ಲಿನ ಜನ ಲೋಕಸಭೆಯಲ್ಲಿ ಅದೇ ಪಕ್ಷವನ್ನು ಸೋಲಿಸಿದ್ದರು. ಆದ್ದರಿಂದ ಆ ವಿಧಾನಸಭೆಗಳನ್ನು ವಿಸರ್ಜಿಸಬೇಕು ಎಂದು ಹೊಸ ಸರ್ಕಾರ ಹೇಳಿತು. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಕೋರ್ಟು ಆ ಅರ್ಜಿಗಳನ್ನು ತಳ್ಳಿಹಾಕಿತು. ಕಾಗದ ಜತ್ತಿಯವರ ಮೇಜಿಗೆ ಬಂತು. ಅವರು ಕೂಡಲೇ ಸಹಿ ಹಾಕಲಿಲ್ಲ.

"ಯಾಕೆ? ಅವರ ಪಾರ್ಟಿ ಅಂತ?" ಎಂದಳು ಮೊಮ್ಮಗಳು. ಆಗಲೂ ಬಹಳ ಜನ ಹಾಗೆಯೇ ಬೈದರು. ಅವರು ಹಳೆಯ ಕಾಂಗ್ರೆಸ್ಸಿಗರು ಹೌದು. ಆದರೆ ಒಂಬತ್ತು ಶಾಸನಸಭೆಗಳನ್ನು ಒಂದೇ ಸಹಿಯಲ್ಲಿ ಮನೆಗೆ ಕಳಿಸುವ ಮೊದಲು ಒಬ್ಬ ಮನುಷ್ಯ ಒಂದು ರಾತ್ರಿ ಯೋಚಿಸಿದರೆ ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಬೇಡ ಎನ್ನುವ ಅಧಿಕಾರವೂ ಅವರಿಗೆ ಇರಲಿಲ್ಲ. ಸಂಪುಟ ಹೇಳಿದಂತೆ ರಾಷ್ಟ್ರಪತಿ ನಡೆಯಲೇಬೇಕು ಎಂದು ತುರ್ತು ಪರಿಸ್ಥಿತಿಯ ಕಾಲದಲ್ಲೇ ಸಂವಿಧಾನಕ್ಕೆ ತಿದ್ದುಪಡಿ ಆಗಿತ್ತು. ಆ ತಿದ್ದುಪಡಿ ಮಾಡಿದ್ದೂ ಅವರದೇ ಪಕ್ಷ! ಏಪ್ರಿಲ್ 30ರಂದು ಸಹಿ ಬಿತ್ತು. ಮರುವರ್ಷ ಸಂವಿಧಾನಕ್ಕೆ ಇನ್ನೊಂದು ತಿದ್ದುಪಡಿ ಬಂತು: 'ಇನ್ನೊಮ್ಮೆ ಯೋಚಿಸಿ' ಎಂದು ರಾಷ್ಟ್ರಪತಿ ಒಂದು ಸಲ ಸಂಪುಟಕ್ಕೆ ವಾಪಸು ಕಳಿಸಬಹುದು. ಜತ್ತಿಯವರು ಸುಮ್ಮನೆ ತೆಗೆದುಕೊಂಡ ಆ ಒಂದು ದಿನ, ಅವರ ನಂತರದವರಿಗೆ ಹಕ್ಕಾಗಿ ಸಿಕ್ಕಿತು.

ಜುಲೈ 25ರಂದು ಸಂಜೀವ ರೆಡ್ಡಿಯವರು ಬಂದರು. ಜತ್ತಿಯವರು ಮತ್ತೆ ಉಪರಾಷ್ಟ್ರಪತಿಯಾಗಿ ರಾಜ್ಯಸಭೆಯ ಸಭಾಪತಿ ಕುರ್ಚಿಗೆ ಹೋಗಿ ಕೂತರು, 1979ರ ಆಗಸ್ಟ್‌ವರೆಗೂ. ಹಿಂದೆ ದಿವಾನಗಿರಿ ಬಿಟ್ಟು ಕೋರ್ಟಿಗೆ ಹೋದ ಹಾಗೆಯೇ. ಬೆಂಗಳೂರಿನಲ್ಲಿ ಅವರೇ 1964ರಲ್ಲಿ ಕಟ್ಟಿದ್ದ ಬಸವ ಸಮಿತಿ ಇತ್ತು; ಆಮೇಲೆ ಅದರ ಕೆಲಸ, ವಚನಗಳ ಪ್ರಕಟಣೆ. 2002ರ ಜೂನ್ 7ರಂದು ತೀರಿಕೊಂಡರು.

ಮೊಮ್ಮಗಳು ಪೆನ್ಸಿಲ್ ತೆಗೆದುಕೊಂಡು ಚಾರ್ಟಿನ ಎರಡು ಚಿತ್ರಗಳ ನಡುವೆ ಬರೆಯಲು ಹೊರಟಳು. ಬಸಪ್ಪ ದಾನಪ್ಪ ಜತ್ತಿ ಎಂದು ಪೂರ್ತಿ ಬರೆಯಲು ಜಾಗ ಸಾಲಲಿಲ್ಲ. ಉಜ್ಜಿ, 'ಬಿ.ಡಿ. ಜತ್ತಿ, ಜಮಖಂಡಿ' ಎಂದು ನೆಟ್ಟಗೆ ಮೇಲಿಂದ ಕೆಳಗೆ ಬರೆದಳು. ಅಮೆರಿಕದ ಪ್ರಾಜೆಕ್ಟ್ ಇನ್ನೂ ಹಾಗೆಯೇ ಬಾಕಿ ಉಂಟು. ಸೋಮವಾರ ಕೊಡಬೇಕಂತೆ.