ಉರ್ದು ಬಿಡಿ ಎನ್ನುವ ಮೊದಲು ಹೋಲಿಕೆ ಸರಿ ಇದೆಯೇ ನೋಡಿ

"ಮಕ್ಕಳಿಗೆ ಇಂಗ್ಲಿಷ್ ಬರಬೇಕಾದರೆ ಮನೆಯಲ್ಲಿ ಉರ್ದು ಮಾತಾಡುವುದನ್ನು ಕಡಿಮೆ ಮಾಡಿ." ನಮ್ಮಲ್ಲಿ ಅನೇಕರು ಕೇಳಿರುವ ಸಲಹೆ ಇದು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಮ್ಮಂಥವರಿಗೆ ಮನೆಯಲ್ಲಿ ಒಂದು ಭಾಷೆ, ಬಸ್ಸಿನಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಸಲಹೆ ಕೊಡುವವರು ತೋರಿಸುವ ಆಧಾರ ಒಂದೇ: "ಇಂಗ್ಲಿಷ್ ಮಾತಾಡುವ ಮನೆಯ ಮಕ್ಕಳ ಅಂಕ ನೋಡಿ." ಈ ಆಧಾರ ಸಾಲದು ಎಂದು ನನ್ನ ಅಭಿಪ್ರಾಯ.

ಆ ಮನೆಗಳಲ್ಲಿ ಇಂಗ್ಲಿಷ್ ಮಾತ್ರ ಇರುವುದಿಲ್ಲ. ಓದಿದ ತಂದೆ ತಾಯಿ, ಟ್ಯೂಷನ್ ಫೀಸಿಗೆ ಹಣ, ಓದಲು ಬೇರೆ ಕೋಣೆ ಎಲ್ಲವೂ ಇರಬಹುದು. ಅಂಕ ಬಂದದ್ದು ಯಾವುದರಿಂದ? ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯ ಲಾಭವನ್ನೂ ಹಳ್ಳಿಯ ಅಂಗಡಿಯ ಲಾಭವನ್ನೂ ಹೋಲಿಸಿ, ಮೊದಲಿನವನು ಜಾಣ ವ್ಯಾಪಾರಿ ಎಂದರೆ ನಮ್ಮ ಕಾಮರ್ಸ್ ಸರ್ ಒಪ್ಪುತ್ತಾರೆಯೇ?

ಮನಶ್ಶಾಸ್ತ್ರದಲ್ಲಿ ಇದಕ್ಕೆ ಒಂದು ದಾರಿ ಇದೆ: ಯಾರು ಯಾವ ಗುಂಪಿಗೆ ಎಂದು ಚೀಟಿ ಎತ್ತಿ ನಿರ್ಧರಿಸುವುದು. ಆಗ ಜಾಣರು, ಅನುಕೂಲಸ್ಥರು, ಕಷ್ಟದಲ್ಲಿರುವವರು ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತಾರೆ. ಇನ್ನೊಂದು ದಾರಿ, ಒಬ್ಬನನ್ನು ಅವನೊಂದಿಗೇ ಹೋಲಿಸುವುದು. ಆದರೆ ಒಂದೇ ಪಾಠವನ್ನು ಎರಡು ಸಲ ಕೇಳಿದರೆ ಎರಡನೇ ಸಲ ಹೇಗೂ ಸುಲಭವಾಗುತ್ತದೆ. ಅದಕ್ಕೇ ಅರ್ಧ ಜನರಿಗೆ ಕ್ರಮವನ್ನು ತಿರುಗಿಸಬೇಕು.

ಮನೆಮಾತನ್ನು ಮಾತ್ರ ಚೀಟಿ ಎತ್ತಿ ಹಂಚಲಾಗದು. ಅಂಥಲ್ಲಿ ಹೋಲಿಕೆಯ ಗುಂಪನ್ನು ಬಹಳ ಎಚ್ಚರದಿಂದ ಆರಿಸಬೇಕು. ಇದಕ್ಕೆ ಒಳ್ಳೆಯ ಉದಾಹರಣೆ, ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ. ಮರೆವಿನ ಕಾಯಿಲೆಯ 648 ರೋಗಿಗಳ ದಾಖಲೆ ನೋಡಿದಾಗ, ಎರಡು ಅಥವಾ ಹೆಚ್ಚು ಭಾಷೆ ಬಲ್ಲ 391 ಜನರಿಗೆ ಕಾಯಿಲೆ ಸುಮಾರು 4.5 ವರ್ಷ ತಡವಾಗಿ ಶುರುವಾಗಿತ್ತು. ಇದಕ್ಕೆ ಮೊದಲು ಕೆನಡಾದಲ್ಲಿ ಇಂಥದೇ ಫಲಿತಾಂಶ ಬಂದಿತ್ತು. ಆದರೆ ಅಲ್ಲಿ ಎರಡು ಭಾಷೆಯವರಲ್ಲಿ ಬಹಳ ಜನ ವಲಸಿಗರು. ಹಾಗಾಗಿ ಕಾರಣ ಭಾಷೆಯೋ ವಲಸೆಯೋ ಎಂಬ ಸಂಶಯ ಉಳಿದಿತ್ತು. ಹೈದರಾಬಾದಿನಲ್ಲಿ ಹುಟ್ಟಿ ಬೆಳೆದವರೇ ತೆಲುಗು, ಉರ್ದು, ಹಿಂದಿ ಎಲ್ಲ ಮಾತಾಡುತ್ತಾರೆ. ಶಾಲೆಗೇ ಹೋಗದವರಲ್ಲೂ ವ್ಯತ್ಯಾಸ ಕಂಡದ್ದರಿಂದ ಓದು ಮಾತ್ರ ಕಾರಣ ಎನ್ನುವಂತೆಯೂ ಇರಲಿಲ್ಲ.

ಇದನ್ನು ಓದಿ ನಾವು ಕುಣಿದಾಡಬೇಕಾಗಿಲ್ಲ. ಆ ಅಧ್ಯಯನ ವಯಸ್ಸಾದವರ ಕಾಯಿಲೆಯ ಬಗ್ಗೆ, ಪಿಯುಸಿ ಅಂಕದ ಬಗ್ಗೆ ಅಲ್ಲ. ಉರ್ದು ಮಾತಾಡಿದರೆ ಬುದ್ಧಿ ಹೆಚ್ಚುತ್ತದೆ ಎಂದು ನಾವು ಹೇಳಿದರೆ, ಉರ್ದುವಿನಿಂದ ಅಂಕ ಇಳಿಯುತ್ತದೆ ಎನ್ನುವವರಿಗಿಂತ ನಾವೇನೂ ಮೇಲಲ್ಲ.

ನಮ್ಮ ಅಂಕದ ಪ್ರಶ್ನೆಯನ್ನು ನಾವೇ ಸ್ವಲ್ಪ ಮಟ್ಟಿಗೆ ಪರೀಕ್ಷಿಸಬಹುದು. ಪ್ರಥಮ ಪಿಯುಸಿಯವರಲ್ಲಿ ಒಪ್ಪಿದವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡೋಣ. ಸೆಕ್ಷನ್ ಪ್ರಕಾರ ಬೇಡ, ಏಕೆಂದರೆ ಸೆಕ್ಷನ್‌ಗಳು ಮೊದಲೇ ಬೇರೆ ಬೇರೆ ಇರುತ್ತವೆ. ಒಂದು ಗುಂಪಿಗೆ ಸವಕಳಿ ಪಾಠವನ್ನು ಕನ್ನಡದಲ್ಲಿ ವಿವರಿಸಿ, ಬ್ಯಾಂಕ್ ರಿಕನ್ಸಿಲಿಯೇಷನ್ ಅನ್ನು ಇಂಗ್ಲಿಷಿನಲ್ಲಿ ಹೇಳಲಿ. ಇನ್ನೊಂದು ಗುಂಪಿಗೆ ಇದರ ಉಲ್ಟಾ. ಉಪನ್ಯಾಸಕರು ಅವರೇ, ಪ್ರಶ್ನೆಪತ್ರಿಕೆ ಅದೇ. ಉತ್ತರ ಯಾವ ಗುಂಪಿನದು ಎಂದು ತಿದ್ದುವವರಿಗೆ ಗೊತ್ತಾಗಬಾರದು. ಪರೀಕ್ಷೆ ಮುಗಿದ ಮೇಲೆ ಎರಡೂ ಪಾಠವನ್ನು ಇನ್ನೊಂದು ಭಾಷೆಯಲ್ಲೂ ಒಮ್ಮೆ ಹೇಳಿದರೆ ಯಾರಿಗೂ ನಷ್ಟವಿಲ್ಲ.

ನಮ್ಮ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಷಯ ಇಲ್ಲದಿರಬಹುದು. ಆದರೆ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದ್ದು 1924ರಲ್ಲಿ. ನೂರು ವರ್ಷದಿಂದ ನಮ್ಮ ರಾಜ್ಯದಲ್ಲಿರುವ ವಿದ್ಯೆಗೆ ಇಷ್ಟಾದರೂ ನಾವು ಕಿವಿಗೊಡಬಹುದು.

ದಾದಿ ಹೇಳುವ ಕಥೆ, ಅಮ್ಮಿ ಬೈಯುವ ಮಾತು ಎಲ್ಲ ಉರ್ದುವಿನಲ್ಲೇ ಇದೆ. ಅಂಕಕ್ಕಾಗಿ ಅದನ್ನು ಬಿಡಿ ಎನ್ನುವವರು ಮೊದಲು ಸರಿಯಾದ ಹೋಲಿಕೆ ತೋರಿಸಲಿ. ಪೋಷಕರ ಸಭೆಯಲ್ಲಿ ಯಾರಾದರೂ ಆ ಸಲಹೆ ಕೊಟ್ಟರೆ, "ಯಾರನ್ನು ಯಾರ ಜೊತೆ ಹೋಲಿಸಿದ್ದೀರಿ?" ಎಂದು ನಾವು ವಿನಯದಿಂದಲೇ ಕೇಳೋಣ.