ಶಾಲು ಸಾಕು, ಮೈಕು ಕೊಡಿ

ಬಸವಕಲ್ಯಾಣ, ಹುಮನಾಬಾದ್ ಕಡೆ ತೊಂಬತ್ತರ ಅಂಚಿಗೆ ಬಂದ ನಿವೃತ್ತ ಮಾಸ್ತರರ ಸನ್ಮಾನಕ್ಕೆ ಒಂದು ಸಿದ್ಧ ಕ್ರಮವಿದೆ. ಪೇಟ, ಶಾಲು, ಹಣ್ಣಿನ ಬುಟ್ಟಿ, ಕಟ್ಟು ಹಾಕಿಸಿದ ಮಾನಪತ್ರ. ಸ್ವಾಗತ, ಪ್ರಾಸ್ತಾವಿಕ, ಗಣ್ಯರ ನುಡಿಗಳೆಲ್ಲ ಮುಗಿದು ಹಿಂದೆ ಊಟದ ತಟ್ಟೆಗಳ ಸದ್ದು ಕೇಳತೊಡಗಿದಾಗ ಮೈಕು ಹಿರಿಯರ ಕೈಗೆ ಬರುತ್ತದೆ, 'ಎರಡೇ ಮಾತು, ಸರ್' ಎಂಬ ಕೋರಿಕೆಯೊಂದಿಗೆ. ಆ ದಿನ ಎಲ್ಲರಿಗಿಂತ ಹೆಚ್ಚು ಗೊತ್ತಿರುವವರು ಎಲ್ಲರಿಗಿಂತ ಕಡಿಮೆ ಮಾತಾಡಿ ಮನೆಗೆ ಹೋಗುತ್ತಾರೆ. ಅವರನ್ನು ಗೌರವಿಸುವ ಮನಸ್ಸಿದ್ದರೆ ಮೊದಲು ಅವರ ಮಾತನ್ನು ಪೂರ್ತಿ ಕೇಳಿ ದಾಖಲಿಸಿಕೊಳ್ಳಬೇಕು, ಮಿಕ್ಕಿದ್ದೆಲ್ಲ ಆಮೇಲೆ.

ಈ ಆತುರಕ್ಕೆ ಕಾರಣವಿದೆ. 1948ರ ಸೆಪ್ಟೆಂಬರ್ 17ರವರೆಗೆ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು; ಸರ್ಕಾರಿ ಶಾಲೆಯ ಭಾಷೆ ಉರ್ದು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯೇ ಮೂರು ಪಾಲಾಯಿತು: ಉದಗೀರ, ನಿಲಂಗಾ ಅತ್ತ ಬೊಂಬಾಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಉರ್ದುವಿನಲ್ಲಿ ಅಕ್ಷರ ಕಲಿತು ಕನ್ನಡದಲ್ಲಿ ಪಾಠ ಹೇಳಿದ ಪೀಳಿಗೆಯೊಂದು ಹೀಗೆ ಹುಟ್ಟಿತು. ಪುಸ್ತಕ ಎಲ್ಲಿಂದ ಬಂತು, ಮನೆಯಲ್ಲಿ ಮರಾಠಿ ಆಡುವ ಮಕ್ಕಳಿಗೆ ಕನ್ನಡ ಹೇಗೆ ಹೇಳಿಕೊಟ್ಟರು, ಹೆಣ್ಣುಮಕ್ಕಳನ್ನು ಶಾಲೆಗೆ ಕರೆತರಲು ಯಾರ ಮನೆ ಬಾಗಿಲಲ್ಲಿ ನಿಂತರು ಎಂಬುದನ್ನು ಯಾವ ಇಲಾಖೆಯ ಕಡತವೂ ಹೇಳಲಾರದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ನಮಗೆಲ್ಲ ಗೊತ್ತು. 1999ರಲ್ಲಿ ಲಿಂಗೈಕ್ಯರಾದಾಗ ಅವರಿಗೆ ನೂರು ದಾಟಿತ್ತು. ಆದರೆ ಆ ಫಲಕದ ಹಿಂದೆ ಕೂತು ಅ, ಆ ತಿದ್ದಿಸಿದ ಮಾಸ್ತರರಲ್ಲಿ ಎಷ್ಟು ಜನರ ಹೆಸರು ನಮ್ಮ ಬಾಯಿಗೆ ಬರುತ್ತದೆ?

ನಿವೃತ್ತಿಯ ನಂತರದ ಕೆಲಸವಂತೂ ಯಾರ ಲೆಕ್ಕಕ್ಕೂ ಇಲ್ಲ. ಆ ಪೀಳಿಗೆ ಸೇವೆ ಮುಗಿಸಿದ್ದು 58ಕ್ಕೆ. 90 ಮುಟ್ಟಿದವರಿಗೆ ಅದಾದ ಮೇಲೆ 32 ವರ್ಷ. ವಿಧವೆಯರ ಪಿಂಚಣಿ ಅರ್ಜಿ ತುಂಬಿದ್ದು, ಹೊಲದ ಬದುವಿನ ಜಗಳ ಬಗೆಹರಿಸಿದ್ದು, ಬಡ ಮಕ್ಕಳಿಗೆ ದುಡ್ಡಿಲ್ಲದೆ ಗಣಿತ ಹೇಳಿದ್ದು ಆ ಅವಧಿಯಲ್ಲೇ. ಶಿಕ್ಷಕರ ರಾಷ್ಟ್ರಪ್ರಶಸ್ತಿಯ ನಿಯಮವೂ ನಿವೃತ್ತರನ್ನು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ.

ಮುಪ್ಪಿನ ನೆನಪನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಸಣ್ಣದಲ್ಲ. ಇಸವಿ ತಪ್ಪಬಹುದು, ಸ್ವಂತ ಪಾತ್ರ ಹಿಗ್ಗಬಹುದು. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನ ಜೊತೆಗೆ, ಹಾಜರಿ ಪುಸ್ತಕದ ಜೊತೆಗೆ ತಾಳೆ ನೋಡಬೇಕು. ಅದಕ್ಕೆ ಇಬ್ಬರೂ ಬದುಕಿರಬೇಕು. ಬಸವಕಲ್ಯಾಣ ಸೀಮೆಯ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದ ಸ್ಮಾರಕ ಉದ್ಘಾಟನೆಯಾದದ್ದು 2023ರಲ್ಲಿ. ಅಷ್ಟು ಹೊತ್ತಿಗೆ ಕಣ್ಣಾರೆ ಕಂಡವರೇ ಬೆರಳೆಣಿಕೆಯಾಗಿದ್ದರು. ಸ್ಮಾರಕಕ್ಕೆ ಕಲ್ಲು ಯಾವಾಗ ಬೇಕಾದರೂ ಸಿಗುತ್ತದೆ.

ಮಾಸ್ತರರೇ ಏಕೆ, ಸೂಲಗಿತ್ತಿ, ಕೂಲಿಕಾರರು ಏಕಲ್ಲ ಎಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದೇ. ಕಾಯಕದವರೆಲ್ಲ ತಮ್ಮ ಅನುಭವವನ್ನು ತಾವೇ ನುಡಿದ ಕಲ್ಯಾಣದಲ್ಲಿ ಅದಕ್ಕೆ ಬೇರೆ ಉತ್ತರ ಇರಲಾರದು: ಅವರದ್ದೂ ಆಗಲಿ. ಮಾಸ್ತರರಿಂದ ಶುರುಮಾಡಿದರೆ ಊರಿನ ಉಳಿದವರ ಮನೆಗೆ ದಾರಿ ತೋರಿಸುವವರೂ ಅವರೇ ಆಗುತ್ತಾರೆ.

ಖರ್ಚಿನ ಮಾತು ಹೆಚ್ಚು ಬೆಳೆಸಬೇಕಿಲ್ಲ. ಒಂದು ಅಭಿನಂದನ ಗ್ರಂಥ ಅಚ್ಚು ಹಾಕಿಸುವ ದುಡ್ಡಿನಲ್ಲಿ ಹಲವರ ಮಾತು ದಾಖಲಾಗುತ್ತದೆ. ಎರಡೂ ತಾಲ್ಲೂಕಿನ ಪದವಿ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ಇದ್ದಾರೆ, ಅವರ ಜೇಬಿನಲ್ಲಿ ಮೊಬೈಲ್ ಇದೆ. 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದ ನೂತನ ಅನುಭವ ಮಂಟಪದಲ್ಲಿ ಈ ಧ್ವನಿಗಳಿಗೆ ಒಂದು ಕೋಣೆ ಸಿಕ್ಕರೆ ಒಳ್ಳೆಯದು. ಸಿಗುವ ತನಕ ಕಾಯುವುದು ಬೇಡ. ಈ ಸೆಪ್ಟೆಂಬರ್ 5ರ ಆಹ್ವಾನ ಪತ್ರಿಕೆಯಲ್ಲಿ ಹಿರಿಯರ ಮಾತಿಗೆ ಒಂದು ತಾಸು ಇಟ್ಟು, ಗಣ್ಯರಿಗೆ ಐದು ನಿಮಿಷ ಕೊಡಲಿ.